ನೀರು ಬರುವುದಿಲ್ಲ ಎನ್ನಬಹುದು, ಯಾಕೆ ಎನ್ನಬಹುದೇ?

‘ನಾಳೆ ಬೆಳಗ್ಗೆ ಮೇಲಿನ ಬೀದಿಗೆ ನೀರು ಬಿಡುವುದಿಲ್ಲ, ಇವತ್ತೇ ತುಂಬಿಟ್ಟುಕೊಳ್ಳಿ.’ ಭಾರತದ ಯಾವ ಸಮುದಾಯ ಬಾನುಲಿ ಕೇಂದ್ರವೂ ಈ ಮಾತನ್ನು ಧಾರಾಳವಾಗಿ ಹೇಳಬಹುದು. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲೇ ಅದಕ್ಕೆ ಜಾಗವಿದೆ. ನೀರು ಮತ್ತು ವಿದ್ಯುತ್ ಪೂರೈಕೆಯ ಪ್ರಕಟಣೆ, ಹವಾಮಾನ, ಸಂಚಾರ, ಪ್ರಕೃತಿ ವಿಕೋಪ, ಆರೋಗ್ಯದ ಎಚ್ಚರಿಕೆ, ಪರೀಕ್ಷೆ, ಉದ್ಯೋಗ, ಜಾತ್ರೆ, ಹಬ್ಬ, ಆಟೋಟ ಇವೆಲ್ಲ ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಅದು ಬಗೆದಿದೆ. ತೊಡಕು ಮುಂದಿನ ಮಾತಿನದು. ಪಂಪು ಸುಟ್ಟು ತಿಂಗಳಾಯಿತು, ರಿಪೇರಿಗೆ ಬಂದ ದುಡ್ಡು ಏನಾಯಿತು ಎಂದು ಅದೇ ಮೈಕಿನಲ್ಲಿ ಕೇಳಿದರೆ ಅದು ಪ್ರಚಲಿತ ವಿದ್ಯಮಾನವಾಗಿಬಿಡುತ್ತದೆಯೇ? ಯಾಕೆಂದರೆ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ ಎರಡೂ ಸಮುದಾಯ ಬಾನುಲಿಗೆ ನಿಷಿದ್ಧ. ಆಕಾಶವಾಣಿಯ ವಾರ್ತೆಯನ್ನು ಬೇಕಾದರೆ ಇದ್ದ ಹಾಗೇ ಮರುಪ್ರಸಾರ ಮಾಡಬಹುದು. ದೆಹಲಿಯ ಸಂಗತಿ ಊರಿಗೆ ತಡೆಯಿಲ್ಲದೆ ಬರುತ್ತದೆ. ಊರಿನ ಸಂಗತಿಯನ್ನು ಊರಿಗೆ ಹೇಳುವಾಗ ಮಾತ್ರ ಅಳೆದು ತೂಗಬೇಕು.

ನೋಡಲಿಕ್ಕೆ ಇದೊಂದು ಸಣ್ಣ ಷರತ್ತು. ಆದರೆ ನಮ್ಮ ಸಮುದಾಯ ಬಾನುಲಿಗಳು ಇಪ್ಪತ್ತು ವರ್ಷಗಳಲ್ಲಿ ಏನು ಮಾತಾಡಿದವು, ಯಾವುದನ್ನು ಗಂಟಲಲ್ಲೇ ಉಳಿಸಿಕೊಂಡವು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಇದೇ. ಕೃಷಿ, ಆರೋಗ್ಯ, ಜನಪದ ಗೀತೆ, ಗಿಡಮರ, ಮಳೆಬೆಳೆ ನಿರಪಾಯದ ವಿಷಯಗಳಾದವು. ಗ್ರಾಮಸಭೆ, ಕಾಮಗಾರಿ, ಬಿಲ್ಲು, ಒತ್ತುವರಿ ಬಂದಾಗ ಮೈಕಿನ ಮುಂದೆ ಕೂತವರು ದನಿ ತಗ್ಗಿಸಿದರು. ಈ ವಿಂಗಡಣೆ ಊರಿನ ಬದುಕಿಗೆ ಒಗ್ಗುವುದೇ ಇಲ್ಲ. ಕೊಕ್ಕರೆ ಬಂದಿಳಿಯುವ ಕೆರೆಯೂ ರಾಜಕಾಲುವೆ ಮುಚ್ಚಿ ಸೈಟು ಹಾಕಿದ ಕೆರೆಯೂ ಒಂದೇ ಕೆರೆ. ಹಕ್ಕಿಯ ಬಗ್ಗೆ ನಾಲ್ಕು ಕಂತು ಪ್ರಾಮಾಣಿಕವಾಗಿ ಮಾಡಿದರೆ ಐದನೆಯ ಕಂತಿಗೆ ಪಿಡಿಒ ಹೆಸರು ಬರಲೇಬೇಕು. ಚೆನ್ನಾಗಿ ನಡೆದ ಕೇಂದ್ರಗಳೆಲ್ಲ ಇದನ್ನು ಕಂಡುಕೊಂಡಿವೆ. ಪ್ರಕೃತಿಯ ಕಾರ್ಯಕ್ರಮವೆಂದು ಶುರುವಾದದ್ದು ಅಲ್ಲಿ ತಾನಾಗಿ ಪಂಚಾಯಿತಿ ಮೆಟ್ಟಿಲು ಹತ್ತಿದೆ. ಆ ಮೆಟ್ಟಿಲು ಹತ್ತಿದವು ಯಾವುವು, ಬುಡದಲ್ಲೇ ನಿಂತವು ಯಾವುವು, ಯಾಕೆ ನಿಂತವು ಎಂದು ನೋಡುವುದು ಈ ಬರಹದ ಕೆಲಸ.

ಊರು ತನ್ನ ಬಾನುಲಿಯನ್ನು ತಾನೇ ನಡೆಸುವುದು ಕನ್ನಡ ನಾಡಿಗೆ ಹೊಸದೇನಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವಾಟ್ ಪ್ರೇಷಕ ಇಟ್ಟು ‘ಆಕಾಶವಾಣಿ’ ಆರಂಭಿಸಿದರು. ಆಮೇಲೆ ಪುರಸಭೆ ಕೈಜೋಡಿಸಿತು, 1940ರ ದಶಕದ ಮೊದಲಲ್ಲಿ ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. ಈಗಿನ ಸಮುದಾಯ ಬಾನುಲಿಗೆ ಸರ್ಕಾರ ಕೊಡುವ ಮಿತಿ 100 ವಾಟ್. ತರಂಗ ಬೇರೆಯಾದ್ದರಿಂದ ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ, ಇರಲಿ. ಒಬ್ಬ ಮೇಷ್ಟ್ರ ಮನೆಯಿಂದ ಹೊರಟು ಊರಿನ ಆಡಳಿತದ ಬೆಂಬಲ ಪಡೆದ ಆ ಕೇಂದ್ರದ ಹುಟ್ಟಿನಲ್ಲಿ ಇವತ್ತಿನ ಸಮುದಾಯ ಬಾನುಲಿಯ ಎಲ್ಲ ಲಕ್ಷಣಗಳೂ ಇದ್ದವು. ಹೆಸರು ಮುಂದೆ ಇಡೀ ದೇಶದ ಸರ್ಕಾರಿ ಬಾನುಲಿಗೆ ಹೋಯಿತು, ಲಕ್ಷಣ ಹೋಗಲಿಲ್ಲ.

ಸ್ವಾತಂತ್ರ್ಯದ ನಂತರ ಗಾಳಿ ಪೂರ್ತಿ ಸರ್ಕಾರದ್ದಾಯಿತು. ಹಳ್ಳಿಯ ದನಿಗೆ ಕಿವಿಗೊಟ್ಟ ಪ್ರಯತ್ನಗಳು ಇರಲೇ ಇಲ್ಲವೆಂದಲ್ಲ. 1956ರಲ್ಲಿ ಪುಣೆಯ ಸುತ್ತಿನ ಸುಮಾರು 150 ಹಳ್ಳಿಗಳಲ್ಲಿ ಯುನೆಸ್ಕೊ ನೆರವಿನಿಂದ ರೇಡಿಯೊ ಕೃಷಿ ಕೂಟಗಳು ನಡೆದವು. ರೈತರು ಒಟ್ಟಿಗೆ ಕೂತು ಕೇಳಿ, ಚರ್ಚಿಸಿ, ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳಿಸುತ್ತಿದ್ದರು. 1984ರಲ್ಲಿ ನಾಗರಕೋಯಿಲಿನಿಂದ ಶುರುವಾದ ಆಕಾಶವಾಣಿಯ ಸ್ಥಳೀಯ ಕೇಂದ್ರಗಳು ಜಿಲ್ಲೆಯ ಮಟ್ಟಕ್ಕೆ ಇಳಿದವು. ನಮ್ಮ ಹಾಸನ, ಮಡಿಕೇರಿಗಳ ಕೇಂದ್ರಗಳಿಗೆ ಇರುವ ಕೇಳುಗರ ಪ್ರೀತಿ ಸಣ್ಣದಲ್ಲ. ಆದರೂ ಅಲ್ಲಿ ಊರಿನವರು ಅತಿಥಿಗಳು. ಮೈಕು ಸರ್ಕಾರದ್ದು.

ಬೀಗ ತೆಗೆಸಿದ್ದು, ವಿಚಿತ್ರವೆಂದರೆ, ಕ್ರಿಕೆಟ್. 1993ರ ಹೀರೊ ಕಪ್ ಪಂದ್ಯಗಳ ನೇರಪ್ರಸಾರದ ಹಕ್ಕಿಗಾಗಿ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ನಡೆದ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿಗಳಾದ ಪಿ.ಬಿ. ಸಾವಂತ್ ಮತ್ತು ಬಿ.ಪಿ. ಜೀವನ್ ರೆಡ್ಡಿ ಅವರಿದ್ದ ಪೀಠ 1995ರ ಫೆಬ್ರವರಿ 9ರಂದು ತರಂಗಗಳು ಸಾರ್ವಜನಿಕ ಸ್ವತ್ತು ಎಂದಿತು. ಮರುವರ್ಷ ಬೆಂಗಳೂರಿನಲ್ಲಿ ಸೇರಿದ ಬಾನುಲಿ ಆಸಕ್ತರು ಸಮುದಾಯಗಳಿಗೆ ಪರವಾನಗಿ ಕೊಡಿ ಎಂದು ಘೋಷಣೆ ಹೊರಡಿಸಿದರು. 2000ದಲ್ಲಿ ಪಸ್ತಾಪುರದಲ್ಲಿ ಇನ್ನೊಂದು ಘೋಷಣೆಯಾಯಿತು. ಸರ್ಕಾರ ಒಂದೇ ಸಲ ಬಾಗಿಲು ತೆರೆಯಲಿಲ್ಲ. 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗಷ್ಟೇ ಒಪ್ಪಿಗೆ ಸಿಕ್ಕಿತು. 2004ರ ಫೆಬ್ರವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ಮೊದಲ ಕೇಂದ್ರ ತೆರೆಯಿತು. ಸ್ವಯಂಸೇವಾ ಸಂಸ್ಥೆಗಳ ಸರದಿ ಬಂದದ್ದು 2006ರ ನವೆಂಬರಿನಲ್ಲಿ. ಕಾಲೇಜಿಗೆ ಮೊದಲು, ಹಳ್ಳಿಗೆ ಆಮೇಲೆ ಎಂಬ ಆ ನಾಲ್ಕು ವರ್ಷದ ಅಂತರದ ಗುರುತು ಇವತ್ತಿಗೂ ಅಳಿಸಿಲ್ಲ. ಈಗ ದೇಶದಲ್ಲಿ ಕೇಂದ್ರಗಳು 500 ದಾಟಿವೆ. ಅವುಗಳಲ್ಲಿ ಗಣನೀಯ ಪಾಲು ಶಿಕ್ಷಣ ಸಂಸ್ಥೆಗಳದ್ದು.

ಕಾಯುವವರು ಸುಮ್ಮನೆ ಕಾಯಲಿಲ್ಲ ಎಂಬುದಕ್ಕೆ ಕೋಲಾರ ಜಿಲ್ಲೆಯ ಬೂದಿಕೋಟೆಯೇ ಸಾಕ್ಷಿ. ಬಂಗಾರಪೇಟೆ ತಾಲ್ಲೂಕಿನ, ಹೈದರಾಲಿ ಹುಟ್ಟಿದ ಊರು ಅದು. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ಬೆಂಬಲದಿಂದ ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ‘ನಮ್ಮ ಧ್ವನಿ’ ಎಂಬ ಸ್ಟುಡಿಯೊ ಕಟ್ಟಿದವು. ಸ್ಟುಡಿಯೊ ಇತ್ತು, ಕಾರ್ಯಕ್ರಮ ಇತ್ತು, ಗಾಳಿಗೆ ಬಿಡಲು ಮಾತ್ರ ಪರವಾನಗಿ ಇರಲಿಲ್ಲ. ಹಾಗಾಗಿ ಸಂತೆಯಲ್ಲಿ ಧ್ವನಿವರ್ಧಕ ಕಟ್ಟಿ ಕೇಳಿಸಿದರು. ಮಹಿಳಾ ಸಂಘಗಳ ಸಭೆಯಲ್ಲಿ ಧ್ವನಿಮುದ್ರಣ ಹಾಕಿದರು. ಆಮೇಲೆ ಊರಿನ ಟಿವಿ ಕೇಬಲ್ಲಿಗೇ ಧ್ವನಿಯನ್ನು ಹತ್ತಿಸಿದರು. ಕೇಬಲ್ ಇದ್ದ ಮನೆಯವರು ಅದರಲ್ಲೇ ತಮ್ಮ ಅಕ್ಕಪಕ್ಕದವರ ಮಾತು ಕೇಳಿದರು. ಬಿತ್ತನೆ, ಸಾಲ, ಆರೋಗ್ಯ, ಹಾಡು ಎಲ್ಲವೂ ಅದರಲ್ಲಿದ್ದವು. ಕುಡಿಯುವ ನೀರಿನ ತಾಪತ್ರಯವನ್ನು ಹೆಂಗಸರು ಅದರಲ್ಲಿ ಬಿಚ್ಚಿಟ್ಟ ಮೇಲೆ ಪಂಚಾಯಿತಿಯವರು ಕೊಳವೆ ದುರಸ್ತಿಗೆ ಇಳಿದರು ಎಂಬುದು ಈ ಪ್ರಯೋಗದ ಬಗ್ಗೆ ಬರೆದವರು ಮತ್ತೆ ಮತ್ತೆ ನೆನೆಯುವ ಪ್ರಸಂಗ. ನನಗೆ ಇದರಲ್ಲಿ ಕುತೂಹಲದ ಸಂಗತಿ ಬೇರೆಯೇ ಇದೆ. ಆಗ ನಮ್ಮ ಧ್ವನಿ ಕಾನೂನಿನ ದೃಷ್ಟಿಯಲ್ಲಿ ಬಾನುಲಿಯೇ ಆಗಿರಲಿಲ್ಲ; ಆದ್ದರಿಂದ ಬಾನುಲಿಯ ನಿಷೇಧಗಳೂ ಅದಕ್ಕೆ ಅಂಟಿರಲಿಲ್ಲ. ಪರವಾನಗಿ ಇಲ್ಲದ ಆ ಕಾಲದಲ್ಲಿ ಅದು ಪಂಚಾಯಿತಿಯನ್ನು ಹೆಸರು ಹಿಡಿದು ಕೇಳಬಲ್ಲದಾಗಿತ್ತು.

ಪಸ್ತಾಪುರದ ಕಥೆ ಇನ್ನೂ ಉದ್ದ. ಬೀದರಿನ ಗಡಿಗೆ ಅಂಟಿಕೊಂಡ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳಾ ಸಂಘಗಳು ತಮ್ಮದೇ ಬಾನುಲಿ ಬೇಕೆಂದು ಹಠ ಹಿಡಿದವು. ಮಾಚನೂರಿನಲ್ಲಿ ಕಟ್ಟಡ ಎದ್ದಿತು, ಹೆಣ್ಣುಮಕ್ಕಳು ಧ್ವನಿಮುದ್ರಣ ಕಲಿತರು. ಅಪ್ಪಣೆ ಬರಲು ವರ್ಷಗಳೇ ಹಿಡಿದವು. 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೊ ಪ್ರಸಾರ ಆರಂಭಿಸಿದಾಗ ಉದ್ಘಾಟನೆಗೆ ಬಂದವರು ಅದೇ ನ್ಯಾಯಮೂರ್ತಿ ಸಾವಂತ್. ಕೇಂದ್ರವನ್ನು ನಡೆಸಿದವರು ನರಸಮ್ಮ ಎಂಬ ಒಂದೇ ಹೆಸರಿನ ಇಬ್ಬರು. ಗೊಂದಲ ಆಗದಿರಲೆಂದು ಒಬ್ಬರು ‘ಜನರಲ್’ ನರಸಮ್ಮ ಎನಿಸಿಕೊಂಡರು. ದಿನಕ್ಕೆ ಎರಡು ಗಂಟೆಯ ಪ್ರಸಾರ, ಅದೂ ಸಂಜೆ ಏಳಕ್ಕೆ. ಕೂಲಿ ಮುಗಿಸಿ ಬಂದು ಒಲೆ ಹಚ್ಚುವ ಹೊತ್ತಿಗೆ ಸರಿಯಾಗಿ. ಇಡೀ ದಿನ ಹಾಡು ಹಾಕಿ ಗಂಟೆ ತುಂಬಿಸುವ ಕೇಂದ್ರಗಳು ಈ ಎರಡು ಗಂಟೆಯಿಂದ ಕಲಿಯಬೇಕಾದದ್ದಿದೆ.

ಸಂಘಂ ರೇಡಿಯೊದ ಪ್ರಕೃತಿ ಕಾರ್ಯಕ್ರಮಗಳಲ್ಲಿ ಪ್ರಕೃತಿ ಎಂಬ ಪ್ರತ್ಯೇಕ ವಿಷಯವೇ ಇಲ್ಲ. ಜೋಳದ ಜೊತೆ ಯಾವ ಅಕ್ಕಡಿ ಹಾಕಬೇಕು, ಬಿತ್ತನೆ ಬೀಜವನ್ನು ಬೂದಿ, ಬೇವಿನೆಲೆ ಬೆರೆಸಿ ಹೇಗೆ ಕಾಪಿಡಬೇಕು, ಯಾರೂ ಬಿತ್ತದೆ ಹೊಲದ ಬದುವಿನಲ್ಲಿ ತಾನೇ ಹುಟ್ಟುವ ಸೊಪ್ಪುಗಳಲ್ಲಿ (ಕೋಲಾರದ ಕಡೆಯವರ ಬೆರಕೆ ಸೊಪ್ಪು) ಯಾವುದು ಬಾಣಂತಿಗೆ, ಯಾವುದು ಮಗುವಿಗೆ ಎಂಬಂಥ ಮಾತುಗಳಿಗೆ ಅಲ್ಲಿ ನೆಲೆಯಿದೆ. ಆ ಸಂಘಗಳು ಸಂಕ್ರಾಂತಿಯ ಹೊತ್ತಿಗೆ ಎತ್ತಿನ ಗಾಡಿಗಳಲ್ಲಿ ಹಳೆಯ ತಳಿಯ ಬೀಜಗಳನ್ನು ಹೇರಿಕೊಂಡು ಊರೂರು ಸುತ್ತುವ ಜಾತ್ರೆಯನ್ನೂ ನಡೆಸುತ್ತವೆ. ಬಾನುಲಿ ಮತ್ತು ಜಾತ್ರೆ ಒಂದಕ್ಕೊಂದು ಒತ್ತಾಸೆ. ಬೀಜ ಯಾರದ್ದು ಎಂಬುದು ದೊಡ್ಡ ರಾಜಕೀಯ ಪ್ರಶ್ನೆ. ಅದನ್ನು ಸೊಪ್ಪಿನ ಹೆಸರು ಹೇಳುತ್ತಲೇ ಕೇಳಿದ ಜಾಣ್ಮೆ ಅಲ್ಲಿನ ಹೆಂಗಸರದ್ದು.

ಇದರ ಪಕ್ಕದಲ್ಲಿ ಜೂನ್ 5ರ ಕಾರ್ಯಕ್ರಮಗಳನ್ನಿಟ್ಟು ನೋಡಿ. ಪರಿಸರ ದಿನ ಬಂತೆಂದರೆ ಒಬ್ಬ ಪ್ರಾಧ್ಯಾಪಕರ ಭಾಷಣ, ಶಾಲಾ ಮಕ್ಕಳ ಹಾಡು, ಗಿಡ ನೆಡಿ ಎಂಬ ಕರೆ. ಯಾವ ಗಿಡ, ಯಾವ ಜಾಗ, ನೀರು ಹಾಕುವವರು ಯಾರು, ಹೋದ ವರ್ಷ ನೆಟ್ಟದ್ದು ಏನಾಯಿತು? ಈ ನಾಲ್ಕು ಪ್ರಶ್ನೆಗಳನ್ನು ಕೇಳದ ಕಾರ್ಯಕ್ರಮ ಬೀದರಿನಲ್ಲೂ ಭಟ್ಕಳದಲ್ಲೂ ಒಂದೇ ಥರ ಕೇಳಿಸುತ್ತದೆ. ಹಾಗೆ ಕೇಳಿಸುವುದಾದರೆ ಹತ್ತು ಹನ್ನೆರಡು ಕಿಲೊಮೀಟರ್ ಮಾತ್ರ ಮುಟ್ಟುವ ಬಾನುಲಿ ಯಾಕೆ ಬೇಕು? ಪ್ರಕೃತಿಯ ಕಾರ್ಯಕ್ರಮ ಕೆಲಸದ ಪಂಚಾಂಗಕ್ಕೆ ಹೊಂದಿಕೊಂಡಾಗ ಮಾತ್ರ ಜನ ಕಿವಿಗೊಡುತ್ತಾರೆ.

ಪಾಂಬನ್ ದ್ವೀಪದ ‘ಕಡಲ್ ಓಸೈ’ 2016ರಿಂದ ಅದನ್ನೇ ಮಾಡುತ್ತಿದೆ. ಅದು ಮೀನುಗಾರರಿಗಾಗಿ ಮೀನುಗಾರರೇ ನಡೆಸುವ ಕೇಂದ್ರ. ಗಾಳಿಯ ವೇಗ, ಅಲೆಯ ಎತ್ತರ ಅಲ್ಲಿ ಮನರಂಜನೆಯ ನಡುವಿನ ತುಣುಕಲ್ಲ. ದೋಣಿ ಇಳಿಸಬೇಕೇ ಬೇಡವೇ ಎಂದು ನಿರ್ಧರಿಸುವ ಮಾತು. ಆ ನಂಬಿಕೆ ಗಳಿಸಿದ ಮೇಲೆಯೇ ಮರಿ ಮೀನು, ಮೊಟ್ಟೆಯಿರುವ ಏಡಿ ಬಲೆಗೆ ಬಿದ್ದರೆ ವಾಪಸ್ ಬಿಡಿ ಎಂಬ ಮಾತಿಗೂ ಅಲ್ಲಿ ಬೆಲೆ ಬಂದದ್ದು. ಮಧ್ಯಪ್ರದೇಶದ ಓರ್ಛಾದ ರೇಡಿಯೊ ಬುಂದೇಲ್‌ಖಂಡ್ ಹವಾಮಾನ ಬದಲಾವಣೆಯಂಥ ಒಣ ವಿಷಯವನ್ನು ‘ಕೌನ್ ಬನೇಗಾ ಶುಭಕಲ್ ಲೀಡರ್’ ಎಂಬ ಸ್ಪರ್ಧೆಯಾಗಿಸಿತು. ಟಿವಿಯ ಅನುಕರಣೆ ಎಂದು ಮೂಗು ಮುರಿಯುವವರು ಮುರಿಯಲಿ. ಕಡಿಮೆ ನೀರಿನಲ್ಲಿ ಬೆಳೆ ತೆಗೆಯುವ ಉಪಾಯಗಳನ್ನು ಹಳ್ಳಿಗರೇ ಮಾಡಿ ತೋರಿಸಿ ಪೈಪೋಟಿಗೆ ಇಳಿಯುವಂತೆ ಮಾಡಿದ ಆ ಬುದ್ಧಿಯನ್ನು ನಾನು ಮೆಚ್ಚುತ್ತೇನೆ.

ಕಾಡಂಚಿನ ವಿಷಯ ಇದಕ್ಕಿಂತ ಸೂಕ್ಷ್ಮ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ 2012ರಲ್ಲಿ ಆರಂಭಿಸಿದ ಜನಧ್ವನಿಯ ಕೇಳುಗರು ನಾಗರಹೊಳೆ, ಬಂಡೀಪುರಗಳ ಮಗ್ಗುಲಿನವರು. ಅವರಲ್ಲಿ ಜೇನುಕುರುಬರು, ಕಾಡುಕುರುಬರು, ಎರವರಿದ್ದಾರೆ; ಕಬಿನಿ ಜಲಾಶಯಕ್ಕೆ, ರಕ್ಷಿತಾರಣ್ಯಕ್ಕೆ ನೆಲ ಬಿಟ್ಟುಕೊಟ್ಟವರಿದ್ದಾರೆ. ಇಲ್ಲಿ ‘ಕಾಡು ಉಳಿಸಿ’ ಎಂಬ ಮಾತನ್ನು ಯಾರು ಯಾರಿಗೆ ಹೇಳಬೇಕು? ಹಾಡಿಯವರಿಗೆ ಕಾಡಿನ ಪಾಠ ಹೇಳುವುದಕ್ಕಿಂತ ಅವರಿಂದ ಹೇಳಿಸಿಕೊಳ್ಳುವುದು ಒಳ್ಳೆಯ ಕಾರ್ಯಕ್ರಮ. ಹಾಗೆ ಹೇಳಿಸಿಕೊಂಡರೆ ಮಾತು ಜೇನಿನಿಂದ ಶುರುವಾಗಿ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗೆ ಹೋಗಿ ಮುಟ್ಟುತ್ತದೆ.

ಆನೆಯ ವಿಚಾರದಲ್ಲಿ ಬಾನುಲಿಯಿಂದ ಅತಿಯಾಗಿ ನಿರೀಕ್ಷಿಸುವವರಿದ್ದಾರೆ. ‘ಆನೆ ಬಂತು’ ಎಂದು ಆ ಕ್ಷಣಕ್ಕೆ ಹೇಳಲು ಬಾನುಲಿ ತಕ್ಕ ಸಾಧನವಲ್ಲ. ಅಣ್ಣಾಮಲೈ ಬೆಟ್ಟಗಳ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನವರು ಕೇಬಲ್ ಟಿವಿಯ ಅಡಿಬರಹ, ಮೊಬೈಲ್ ಸಂದೇಶ, ಎತ್ತರದ ಕಂಬದ ಕೆಂಪು ದೀಪಗಳಿಂದ ಆ ಕೆಲಸ ಮಾಡಿ ತೋರಿಸಿದರು; ಕೇಳುವವನು ಸೆಟ್ಟು ಹಾಕಿರಲಿ ಬಿಡಲಿ, ದೀಪ ಕಾಣುತ್ತದೆ. ಬಾನುಲಿಗೆ ಉಳಿಯುವುದು ಮರುದಿನದ ಕೆಲಸ. ಬೆಳೆ ನಷ್ಟಕ್ಕೆ ಅರ್ಜಿ ಎಲ್ಲಿ ಕೊಡಬೇಕು, ಯಾವ ಫೋಟೊ ಬೇಕು, ಕಂದಕ ಎಲ್ಲಿ ಮುಚ್ಚಿಹೋಗಿದೆ, ಹೋದ ವರ್ಷದ ಪರಿಹಾರ ಬಂತೇ ಎಂಬುದನ್ನು ಅರಣ್ಯ ಇಲಾಖೆಯವರನ್ನೇ ಮೈಕಿನ ಮುಂದೆ ಕೂರಿಸಿ ಫೋನಿನಲ್ಲಿ ಬಂದವರಿಗೆ ಉತ್ತರ ಹೇಳಿಸುವುದು. ಆ ಅರ್ಧ ಗಂಟೆ ವನ್ಯಜೀವಿ ಕಾರ್ಯಕ್ರಮವೂ ಹೌದು, ಪೌರಾಡಳಿತದ ಕಾರ್ಯಕ್ರಮವೂ ಹೌದು. ಸುದ್ದಿ ಎನ್ನಲು ಅದರಲ್ಲಿ ಏನೂ ಇಲ್ಲ.

ನಗರದ ಕೇಂದ್ರಗಳಲ್ಲಿ ಬೆಂಗಳೂರಿನ ರೇಡಿಯೊ ಆ್ಯಕ್ಟಿವ್ ಗಮನಿಸತಕ್ಕದ್ದು. ಅದು ಜೈನ್ ವಿಶ್ವವಿದ್ಯಾಲಯದ್ದು. ಕಾಲೇಜಿನ ಕೇಂದ್ರವಾಗಿಯೂ ಮೈಕನ್ನು ಹೊರಗಿನವರಿಗೆ ಬಿಟ್ಟುಕೊಟ್ಟಿತು: ಲಿಂಗತ್ವ ಅಲ್ಪಸಂಖ್ಯಾತರು, ಮನೆಗೆಲಸದವರು, ಚಿಂದಿ ಆಯುವವರು ಅಲ್ಲಿ ನಿರೂಪಕರಾದರು. ಕಸದ ಬಗ್ಗೆ ಕಸ ಆಯುವವರೇ ಮಾತಾಡಿದಾಗ ಪರಿಸರದ ವಿಷಯ ಕೂಲಿಯ ವಿಷಯವಾಗುತ್ತದೆ, ಗುರುತಿನ ಚೀಟಿಯ ವಿಷಯವಾಗುತ್ತದೆ. 2015ರಲ್ಲಿ ನೊರೆಯುಕ್ಕಿಸಿ, 2017ರಲ್ಲಿ ಬೆಂಕಿ ಹೊತ್ತಿಕೊಂಡ ಬೆಳ್ಳಂದೂರು ಕೆರೆ ದೇಶದ ಟಿವಿಗಳಲ್ಲೆಲ್ಲ ಎರಡು ದಿನ ಮೆರೆದು ಮಾಯವಾಯಿತು. ಆ ಕೆರೆಯ ದಂಡೆಯವರಿಗೆ ವರ್ಷವಿಡೀ ವಾರಕ್ಕೊಮ್ಮೆ ಲೆಕ್ಕ ಒಪ್ಪಿಸುವ ಕಾರ್ಯಕ್ರಮ ಬೇಕಿತ್ತು, ಈಗಲೂ ಬೇಕು. ದೊಡ್ಡ ಮಾಧ್ಯಮಕ್ಕೆ ಬೇಸರ ತರಿಸುವಷ್ಟು ಸಲ ಒಂದೇ ವಿಷಯವನ್ನು ಹೇಳುವ ತಾಳ್ಮೆಯೇ ಸಣ್ಣ ಬಾನುಲಿಯ ಬಂಡವಾಳ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ರೇಡಿಯೊ ಸಾರಂಗ್ ಕನ್ನಡ, ತುಳು, ಕೊಂಕಣಿ, ಬ್ಯಾರಿಗಳಲ್ಲಿ ಮಾತಾಡುತ್ತದೆ. ಪೇಟೆಯ ಒಂದೇ ಬಸ್ಸಿನಲ್ಲಿ ಕೇಳಿಬರುವ ಭಾಷೆಗಳು ಒಂದೇ ಕೇಂದ್ರದಿಂದ ಕೇಳಿಬರುವುದು ಸಹಜವೇ. ಖಾಸಗಿ ಎಫ್‌ಎಂಗಳಿಗೆ ಆ ಸಹಜತೆ ದಕ್ಕಲಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಮಣಿಪಾಲ, ಕಲಬುರಗಿಯ ಅಂತರ್ವಾಣಿ, ತುಮಕೂರಿನ ಸಿದ್ಧಾರ್ಥ ಕೇಂದ್ರಗಳೂ ತಮ್ಮ ತಮ್ಮ ಸೀಮೆಯಲ್ಲಿ ಕೇಳುಗರನ್ನು ಗಳಿಸಿವೆ. ಕೃಷಿ ಮಾಹಿತಿಯಲ್ಲಿ, ಕಲಾವಿದರಿಗೆ ವೇದಿಕೆ ಕೊಡುವುದರಲ್ಲಿ ಇವು ಗಟ್ಟಿ. ಊರಿನ ಆಡಳಿತವನ್ನು ಮಾತಿಗೆಳೆಯುವುದರಲ್ಲಿ ಅಷ್ಟಕ್ಕಷ್ಟೆ. ವಿಶ್ವವಿದ್ಯಾಲಯ ಅಥವಾ ಶಿಕ್ಷಣ ಟ್ರಸ್ಟು ನಾಳೆ ಅದೇ ಪಾಲಿಕೆಯ ಮುಂದೆ ತನ್ನ ಕಟ್ಟಡದ ನಕ್ಷೆ ಹಿಡಿದು ನಿಲ್ಲಬೇಕಾಗುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

ಪೌರಾಡಳಿತವನ್ನೇ ನೇರವಾಗಿ ಹಿಡಿದು ನಿಯಮವನ್ನೂ ಮುರಿಯದೆ ನಡೆದ ಉದಾಹರಣೆ ಒಡಿಶಾದ ಕೊಣಾರ್ಕದ್ದು. 2010ರಲ್ಲಿ ಶುರುವಾದ ರೇಡಿಯೊ ನಮಸ್ಕಾರ್ ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಶಾಲೆಗೆ ಕಳಿಸುವ ಆಂದೋಲನವನ್ನು ಪಂಚಾಯಿತಿಯಿಂದ ಪಂಚಾಯಿತಿಗೆ ಒಯ್ದಿತು. ಉದ್ಯೋಗ ಖಾತರಿಯ ಕೂಲಿ, ಪಿಂಚಣಿ, ಪಡಿತರದ ದೂರುಗಳನ್ನೂ ಎತ್ತಿಕೊಂಡಿತು. ಅದರ ವಿಧಾನ ಸರಳ. ಯೋಜನೆಯ ನಿಯಮವೇನು ಎಂದು ಮೊದಲು ಹೇಳುವುದು. ಇಂಥ ಹಳ್ಳಿಯ ಇಂಥವರಿಗೆ ಅದು ಸಿಕ್ಕಿದೆಯೇ ಎಂದು ಅವರ ಬಾಯಲ್ಲೇ ಕೇಳಿಸುವುದು. ಅಧಿಕಾರಿಗೆ ಉತ್ತರಿಸಲು ಅಷ್ಟೇ ಹೊತ್ತು ಕೊಡುವುದು. ಆರೋಪವೂ ಇಲ್ಲ, ವಿಶ್ಲೇಷಣೆಯೂ ಇಲ್ಲ. ಮಾಹಿತಿಯ ಪಕ್ಕ ಅನುಭವವನ್ನು ಇಟ್ಟರೆ ಉಳಿದದ್ದನ್ನು ಕೇಳುಗರೇ ಕೂಡಿಸಿಕೊಳ್ಳುತ್ತಾರೆ. ಹರಿಯಾಣದ ನೂಹ್ ಜಿಲ್ಲೆಯ ಅಲ್ಫಾಜ್-ಎ-ಮೇವಾತ್ ಕೂಡ ಇದೇ ದಾರಿಯದು.

ಆದರೂ ಈ ದಾರಿ ಎಲ್ಲ ಕಡೆ ಸಾಗುವುದಿಲ್ಲ. ಕೋಲಾರಕ್ಕೇ ಮರಳಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಚಾಲೂ ಆಯಿತು. ಒಣಗಿದ್ದ ಕೆರೆಗಳು ತುಂಬಿದವು, ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತು. ಮೊದಲ ತಿಂಗಳುಗಳಲ್ಲೇ ನೊರೆ ಕಾಣಿಸಿತು, ವ್ಯಾಜ್ಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆ ನೀರಲ್ಲಿ ಬೆಳೆದ ಸೊಪ್ಪು ತಿನ್ನಬಹುದೇ, ದನ ಕುಡಿಯಬಹುದೇ, ಮೂರನೇ ಹಂತದ ಶುದ್ಧೀಕರಣ ಯಾಕಿಲ್ಲ? ಮೊದಲೆರಡು ಪ್ರಶ್ನೆ ಕೃಷಿ ಮತ್ತು ಆರೋಗ್ಯ, ಮೂರನೆಯದು ಪ್ರಚಲಿತ ವಿದ್ಯಮಾನ. ಕೇಳುವ ರೈತನಿಗೆ ಮೂರೂ ಒಂದೇ ಪ್ರಶ್ನೆ. ಇಂಥಲ್ಲಿ ಮಾರ್ಗಸೂಚಿಯ ಗೆರೆ ಹಾಸ್ಯಾಸ್ಪದವಾಗುತ್ತದೆ. ಪತ್ರಿಕೆ ಬರೆಯಬಹುದು, ಟಿವಿ ಕಿರುಚಬಹುದು, ಯಾರು ಬೇಕಾದರೂ ವಾಟ್ಸ್‌ಆ್ಯಪಿನಲ್ಲಿ ಹರಡಬಹುದು. ವಿಳಾಸ, ಪ್ರಸಾರದ ದಾಖಲೆ, ಪರವಾನಗಿ ಎಲ್ಲ ಇರುವ ಬಾನುಲಿ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು. ಈ ನಿಷೇಧವನ್ನು ಕಾಮನ್ ಕಾಸ್ ಸಂಸ್ಥೆ 2013ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತು. ಗಡಿಪ್ರದೇಶದ ಭದ್ರತೆ, ಕೋಮು ಪ್ರಚೋದನೆಯ ಭಯ ಸರ್ಕಾರದ ಸಮರ್ಥನೆ. ಭಯ ಸುಳ್ಳಲ್ಲ. ಆದರೆ ಪ್ರಸಾರವಾದದ್ದನ್ನು ದಾಖಲೆ ಇಡಬೇಕೆಂಬ ನಿಯಮ ಈಗಲೇ ಇದೆ. ತಪ್ಪು ಮಾಡಿದ ಕೇಂದ್ರವನ್ನು ಹಿಡಿಯಲು ಅಷ್ಟು ಸಾಕು.

ನೇಪಾಳ ಈ ನಿಷೇಧ ಹಾಕಿಕೊಳ್ಳಲಿಲ್ಲ. ದಕ್ಷಿಣ ಏಷ್ಯಾದ ಮೊದಲ ಸ್ವತಂತ್ರ ಸಮುದಾಯ ಬಾನುಲಿ, 1997ರ ರೇಡಿಯೊ ಸಾಗರಮಾಥಾ, ಹುಟ್ಟಿದ್ದು ಪರಿಸರ ಪತ್ರಕರ್ತರ ಸಂಘಟನೆಯಿಂದ. ಕಠ್ಮಂಡುವಿನ ಹೊಗೆ, ಬಾಗ್ಮತಿಯ ಕೊಳಕಿನ ಬಗ್ಗೆ ಮಾತಾಡಲು ಹೊರಟವರು ದೇಶದ ರಾಜಕೀಯದ ಸಾಕ್ಷಿಗಳಾದರು. 2005ರ ಫೆಬ್ರವರಿ 1ರಂದು ದೊರೆ ಜ್ಞಾನೇಂದ್ರ ಅಧಿಕಾರ ಕಿತ್ತುಕೊಂಡು ಎಫ್‌ಎಂಗಳಲ್ಲಿ ಸುದ್ದಿ ನಿಲ್ಲಿಸಿದಾಗ ಕೆಲವೆಡೆ ಬಾನುಲಿಯವರು ಬೀದಿಗಿಳಿದು ಜನರೆದುರೇ ಸುದ್ದಿ ಓದಿದರು. ಹಾಗೆಂದು ಅಲ್ಲಿ ಎಲ್ಲ ಚೆನ್ನವೆಂದಲ್ಲ. ಕೇಂದ್ರಗಳು ನೂರುಗಟ್ಟಲೆಯಾದಾಗ ಪಕ್ಷಕ್ಕೊಂದು ಬಾನುಲಿ ಎಂಬ ಸ್ಥಿತಿ ಹಲವು ಜಿಲ್ಲೆಗಳಲ್ಲಿ ಬಂತು. ಸುದ್ದಿಯ ಸ್ವಾತಂತ್ರ್ಯ ಕೊಟ್ಟರೆ ಈ ರೋಗವೂ ಜೊತೆಗೆ ಬರುತ್ತದೆ ಎಂದು ಒಪ್ಪಿಕೊಂಡೇ ನಾನು ಅದರ ಪರ.

ಇನ್ನು ದುಡ್ಡಿನ ಮಾತು. ಸರ್ಕಾರಿ ಜಾಹೀರಾತಿನ ದರ 2023ರಲ್ಲಿ ಹತ್ತು ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿತು, ಗಂಟೆಗೆ 7 ನಿಮಿಷವಿದ್ದ ಜಾಹೀರಾತಿನ ಮಿತಿ 12ಕ್ಕೆ ಹೋಯಿತು. ಹಳ್ಳಿಯ ಕೇಂದ್ರಕ್ಕೆ 12 ನಿಮಿಷ ತುಂಬುವಷ್ಟು ಅಂಗಡಿಗಳೇ ಇರುವುದಿಲ್ಲ. ಗೊಬ್ಬರದಂಗಡಿ, ಬಟ್ಟೆಯಂಗಡಿ, ಒಂದು ಶಾಲೆ, ಅಲ್ಲಿಗೆ ಮುಗಿಯಿತು. ಆದ್ದರಿಂದ ನಿಜವಾದ ಆದಾಯ ಇಲಾಖೆಗಳ ಮತ್ತು ದೊಡ್ಡ ಸಂಸ್ಥೆಗಳ ಪ್ರಾಯೋಜಿತ ಸರಣಿಗಳಿಂದ. ಪೌಷ್ಟಿಕತೆಯ ಬಗ್ಗೆ ಇಷ್ಟು ಕಂತು, ಲಸಿಕೆಯ ಬಗ್ಗೆ ಇಷ್ಟು ಕಂತು. ವಿಷಯ ಒಳ್ಳೆಯದೇ, 2020ರ ಲಾಕ್‌ಡೌನಿನಲ್ಲಿ ಹಳ್ಳಿಗಳಿಗೆ ಸರಿಯಾದ ಮಾಹಿತಿ ಮುಟ್ಟಿಸಿದ್ದರಲ್ಲಿ ಈ ಕೇಂದ್ರಗಳ ಪಾತ್ರ ದೊಡ್ಡದು. ತೊಂದರೆ ಏನೆಂದರೆ, ಇಂದು ಇಲಾಖೆಯ ಸರಣಿ ಮಾಡಿದ ಕೇಂದ್ರ ನಾಳೆ ಅದೇ ಇಲಾಖೆಯ ಅಂಗನವಾಡಿಗೆ ಮೊಟ್ಟೆ ಬಂದಿಲ್ಲವೆಂದು ಹೇಳಲು ಹಿಂಜರಿಯುತ್ತದೆ. ಕಾನೂನಿನ ಬೇಲಿಗಿಂತ ಈ ಮುಲಾಜು ಗಟ್ಟಿ ಎಂದು ನನ್ನ ಅನಿಸಿಕೆ. ಅಲ್ಲಿ ದುಡಿಯುವ ಹುಡುಗಿಯರು ಧ್ವನಿಮುದ್ರಣ, ಸಂಕಲನ, ನಿರೂಪಣೆ ಎಲ್ಲವನ್ನೂ ಕಲಿತು ಎರಡು ವರ್ಷಕ್ಕೆ ಸಂಬಳ ಸಾಲದೆ ಬಿಟ್ಟು ಹೋಗುತ್ತಾರೆ, ಕೇಂದ್ರ ಮತ್ತೆ ಮೊದಲಿಂದ ಕಲಿಸಲು ಕೂರುತ್ತದೆ.

ಕೇಳುವ ಸಾಧನದ ಸಮಸ್ಯೆಯೂ ಇದೆ. ಮನೆಯ ರೇಡಿಯೊ ಅಟ್ಟ ಸೇರಿ ಜಾಗ ಮೊಬೈಲಿಗೆ ಸಿಕ್ಕಿತು. ಹಲವು ಹೊಸ ಮೊಬೈಲುಗಳಲ್ಲಿ ಎಫ್‌ಎಂ ಇರುವುದಿಲ್ಲ. 2023ರಲ್ಲಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ ಎಫ್‌ಎಂ ಸೌಲಭ್ಯ ಕಿತ್ತುಹಾಕಬೇಡಿ ಎಂದು ತಯಾರಕರಿಗೆ ಸಲಹೆ ಕೊಟ್ಟಿತು. ಕೇಂದ್ರಗಳು ಆ್ಯಪ್, ಯೂಟ್ಯೂಬ್‌ಗಳಿಗೆ ಏರಿವೆ. ಅಲ್ಲಿ ದುಬೈಯಲ್ಲಿರುವ ಊರಿನವರೂ ಕೇಳುತ್ತಾರೆ, ಸಂತೋಷ. ಆದರೆ ಚಂಡಮಾರುತಕ್ಕೆ ಮೊಬೈಲ್ ಗೋಪುರ ಬಿದ್ದ ದಿನ ಬ್ಯಾಟರಿಯ ರೇಡಿಯೊ ಬಿಟ್ಟರೆ ಬೇರೆ ಗತಿಯಿಲ್ಲ ಎಂಬುದು ಕರಾವಳಿಯವರಿಗೆ ಗೊತ್ತು.

2024ರ ಪರಿಷ್ಕೃತ ಮಾರ್ಗಸೂಚಿ ಪರವಾನಗಿಯನ್ನು 5 ವರ್ಷದಿಂದ 10 ವರ್ಷಕ್ಕೆ ವಿಸ್ತರಿಸಿತು. ಸಲಹಾ ಸಮಿತಿಯಲ್ಲಿ ಅರ್ಧದಷ್ಟು ಜನ ಮಹಿಳೆಯರಿರಬೇಕು, ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯವಾಗಿರಬೇಕು ಎಂದಿತು. ಜೊತೆಗೇ ಒಂದೇ ಸಂಸ್ಥೆ ಬೇರೆ ಬೇರೆ ಜಿಲ್ಲೆಗಳಲ್ಲಿ ಆರು ಕೇಂದ್ರಗಳವರೆಗೆ ನಡೆಸಲು ಒಪ್ಪಿಗೆ ಕೊಟ್ಟಿತು. ಆರನೆಯ ಕೇಂದ್ರದ ಸಮುದಾಯ ಯಾರು? ಸಮಿತಿಯ ಮಹಿಳೆಯರು ಸಹಿ ಹಾಕಲಿಕ್ಕಷ್ಟೇ ಇರುವವರೇ ಎಂದು ಪರೀಕ್ಷಿಸುವ ಏರ್ಪಾಟು ಕಾಣುತ್ತಿಲ್ಲ.

ಉಳಿದರ್ಧ ಕಾರ್ಯಕ್ರಮ ಹೊರಗಿನಿಂದ ಬರಬಹುದು. ಅದನ್ನು ಸಿನಿಮಾ ಹಾಡಿಗೆ ಬಿಡದೆ ಕೇಂದ್ರಗಳು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳಬೇಕು; ‘ಏಕ್ ದುನಿಯಾ ಅನೇಕ್ ಆವಾಜ್’ ಎಂಬ ಧ್ವನಿ ಭಂಡಾರ ಆ ಉದ್ದೇಶಕ್ಕೇ ಹುಟ್ಟಿತ್ತು. ನಮ್ಮ ಮಗ್ಗುಲಲ್ಲೇ ಒಂದು ಜೋಡಿ ಸಿದ್ಧವಾಗಿದೆ. ವಯನಾಡಿನ ಮಾನಂದವಾಡಿ ಹತ್ತಿರದ ದ್ವಾರಕದಲ್ಲಿ 2009ರಿಂದ ರೇಡಿಯೊ ಮಾಟ್ಟೊಲಿ ಇದೆ. ಅಲ್ಲಿನ ಆದಿವಾಸಿಗಳು ತಮ್ಮ ನುಡಿಗಳಲ್ಲೇ ಕಾರ್ಯಕ್ರಮ ಮಾಡುತ್ತಾರೆ. ವಯನಾಡಿನಲ್ಲಿ ಬಿದ್ದ ಮಳೆ ಕಬಿನಿಯಾಗಿ ಬೀಚನಹಳ್ಳಿಯ ಜಲಾಶಯ ತುಂಬುತ್ತದೆ; ಜನಧ್ವನಿಯ ಸರಗೂರು ಆ ಜಲಾಶಯಕ್ಕೆ ಹತ್ತಿರ. 2018 ಮತ್ತು 2019ರಲ್ಲಿ ಅಲ್ಲಿ ಸುರಿದದ್ದಕ್ಕೆ ಇಲ್ಲಿ ಗೇಟು ತೆರೆದು ನಂಜನಗೂಡಿನಲ್ಲಿ ಕಪಿಲೆ ದಡ ಮೀರಿತು. ಎರಡು ಕೇಂದ್ರಗಳ ಪ್ರಸಾರ ಒಂದನ್ನೊಂದು ಮುಟ್ಟುವುದಿಲ್ಲ, ನದಿ ಮುಟ್ಟಿಸುತ್ತದೆ. ಮಳೆಗಾಲದ ನಾಲ್ಕು ತಿಂಗಳು ವಾರಕ್ಕೊಮ್ಮೆ ಇಬ್ಬರೂ ಕೂಡಿ ಒಂದು ಕಾರ್ಯಕ್ರಮ ಮಾಡಲು ಬೇಕಾದದ್ದು ಒಂದು ಫೋನು ಮತ್ತು ಎರಡೂ ಕಡೆಯ ಮಾತು ಬಲ್ಲವರು. ವಯನಾಡಿನ ಕಾಟ್ಟುನಾಯ್ಕರ ನುಡಿ ಕನ್ನಡಕ್ಕೆ ಹತ್ತಿರದ್ದು, ನಮ್ಮ ಜೇನುಕುರುಬರು ಅವರ ಬಳಗದವರು. ದುಭಾಷಿಗಳನ್ನು ಹುಡುಕಿಕೊಂಡು ಮೈಸೂರಿಗೋ ಕೋಯಿಕ್ಕೋಡಿಗೋ ಹೋಗಬೇಕಾಗಿಲ್ಲ.